ರಾಜ ಆಡಿದ್ರೆ ಮೃಗಯಾವಿನೋದ, ನಾವು ಆಡಿದ್ರೆ ಕಳ್ಳಬೇಟೆ: ಹುಣ್ಣಿಮೆ, ಚಿಗರಿ ಮತ್ತು ನಮ್ಮ ಚರಿತ್ರೆ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಅರ್ಧಕ್ಕೆ ಬಿಡಬೇಡಿ.

ಹಂಪಿ ಬಜಾರ್, ಕಮಲಾಪುರ, ಸಂಡೂರು, ಕಂಪ್ಲಿ ಕಡೆಯ ನಮ್ಮ ಹುಡುಗರು ಆಗಾಗ ಒಂದು ಪ್ರಶ್ನೆ ಕೇಳ್ತಾರೆ. "ಅಣ್ಣಾ, ಹುಣ್ಣಿಮೆಗೆ ಜಿಂಕೆ ಜಾಸ್ತಿ ಓಡಾಡ್ತಾವಂತೆ, ಅಮಾಸೆಗೆ ಬೇಟೆ ಚಲೋ ಆಗುತ್ತಂತೆ, ಹೌದಾ? ಹಿರಿಯರು ಹೇಳಿದ್ದು ನಿಜಾನಾ, ಮೂಢನಂಬಿಕೆನಾ?" ಕೇಳೋಕೆ ಸಣ್ಣ ಪ್ರಶ್ನೆ. ಆದ್ರೆ ಇದರ ಹಿಂದೆ ಹೋದ್ರೆ ನಮ್ಮ ಜನರ ಚರಿತ್ರೆಯೇ ಸಿಗುತ್ತೆ. ಯಾರ ತಿಳಿವಳಿಕೆ ಶಾಸ್ತ್ರ ಆಯ್ತು, ಯಾರದ್ದು ಅಪರಾಧ ಆಯ್ತು ಅನ್ನೋದು ಸಿಗುತ್ತೆ. ಅದಕ್ಕೇ ಬರೀತಿದ್ದೀನಿ.

ಮೊದಲು ವಿಜ್ಞಾನ ಏನು ಹೇಳುತ್ತೆ ನೋಡೋಣ.

ಅಮೆರಿಕದಲ್ಲಿ 1926ರಲ್ಲಿ ಜಾನ್ ಆಲ್ಡೆನ್ ನೈಟ್ ಅನ್ನೋನು ಸೂರ್ಯ ಚಂದ್ರರ ಸ್ಥಾನ ನೋಡಿ ಮೀನು, ಪ್ರಾಣಿಗಳು ಯಾವ ಹೊತ್ತಿಗೆ ಚುರುಕಾಗ್ತಾವೆ ಅಂತ ಒಂದು ಸಿದ್ಧಾಂತ ಕಟ್ಟಿದ. ನಮ್ಮ ಪಂಚಾಂಗದ ಥರ ಕೋಷ್ಟಕ ಮಾಡಿ ಮಾರಿದ. ಇವತ್ತೂ ಅಲ್ಲಿನ ಶಿಕಾರಿಗಳು ಅದನ್ನ ಮೊಬೈಲ್ ಆ್ಯಪ್‌ನಲ್ಲಿ ನೋಡ್ತಾರೆ. ಆದ್ರೆ ಅಲ್ಲಿನ ಬಿಳಿಬಾಲದ ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದಾಗ ಗೊತ್ತಾಗಿದ್ದು ಬೇರೆ. ಜಿಂಕೆ ಜಾಸ್ತಿ ಓಡಾಡೋದು ನಸುಕಿಗೆ, ಮುಸ್ಸಂಜೆಗೆ. ಚಂದ್ರ ಯಾವ ತಿಥಿಯಲ್ಲಿದ್ದಾನೆ ಅನ್ನೋದರಿಂದ ಅದರ ದಿನದ ಒಟ್ಟು ಓಡಾಟದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಹಂಗಂತ ಚಂದ್ರನಿಗೂ ಕಾಡಿಗೂ ಸಂಬಂಧ ಇಲ್ಲ ಅಂತಲ್ಲ. ರಾತ್ರಿ ತಿರುಗೋ 59 ಬಗೆಯ ಪ್ರಾಣಿಗಳ ಮೇಲಿನ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ ಒಂದು ಲೇಖನ 2014ರಲ್ಲಿ ಬಂತು. ಕಣ್ಣು ನಂಬಿ ಬದುಕೋ ಪ್ರಾಣಿಗಳು ಬೆಳದಿಂಗಳಲ್ಲಿ ಹೆಚ್ಚು ಓಡಾಡ್ತಾವೆ, ಮೂಗು ಕಿವಿ ನಂಬಿದವು ಅಡಗಿ ಕೂರ್ತಾವೆ ಅನ್ನೋದು ಅದರ ಸಾರ. ಇನ್ನೊಂದು ಟಾಂಜಾನಿಯಾದ್ದು. 1988ರಿಂದ 2009ರವರೆಗೆ ಸಿಂಹಗಳು ಮನುಷ್ಯರ ಮೇಲೆ ಮಾಡಿದ ದಾಳಿಗಳ ಲೆಕ್ಕ ಅದು. ದಾಳಿ ಜಾಸ್ತಿ ಆಗಿದ್ದು ಹುಣ್ಣಿಮೆ ದಿನ ಅಲ್ಲ, ಹುಣ್ಣಿಮೆ ಆದ ಮರುದಿನಗಳಲ್ಲಿ. ಯಾಕಂದ್ರೆ ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ತಾನೆ. ಹುಣ್ಣಿಮೆ ದಾಟಿದ ಮೇಲೆ ಹೊತ್ತು ಮುಳುಗೋದಕ್ಕೂ ಚಂದ್ರ ಹುಟ್ಟೋದಕ್ಕೂ ನಡುವೆ ಕತ್ತಲು ಬೀಳುತ್ತೆ. ಜನ ಇನ್ನೂ ಹೊಲದಲ್ಲಿ, ದಾರಿಯಲ್ಲಿ ಇರ್ತಾರೆ. ಹಸಿದ ಸಿಂಹ ಆವಾಗ ಬರುತ್ತೆ.

ನಮ್ಮ ಹಿರಿಯರಿಗೆ ಇದನ್ನ ಯಾರೂ ಕಲಿಸಬೇಕಿರಲಿಲ್ಲ. ಬೆಳಕಿನ ಪಕ್ಷ, ಕತ್ತಲ ಪಕ್ಷ ಅಂತ ತಿಂಗಳನ್ನ ಎರಡು ಸೀಳು ಮಾಡಿ ಇಟ್ಕೊಂಡಿದ್ರಲ್ಲ, ಅದು ಬರೀ ಪೂಜೆಗಲ್ಲ. ಯಾವ ರಾತ್ರಿ ಎಷ್ಟು ಹೊತ್ತು ಬೆಳಕಿರುತ್ತೆ, ಎಷ್ಟೊತ್ತಿಗೆ ಮನೆ ಸೇರಬೇಕು ಅನ್ನೋ ಲೆಕ್ಕ ಅದು.

ಇನ್ನು ನಮ್ಮ ಕಡೆಯ ಪ್ರಾಣಿ ವಿಷಯ. ನಾವು ಎಲ್ಲದಕ್ಕೂ ಜಿಂಕೆ ಅಂತೀವಿ. ಎರೆ ಹೊಲದ ಬಯಲಿನ ಚಿಗರಿ, ಅಂದ್ರೆ ಕೃಷ್ಣಮೃಗ, ಹಗಲು ಮೇಯೋ ಪ್ರಾಣಿ. ಚುಕ್ಕೆ ಜಿಂಕೆ ಬೆಳಿಗ್ಗೆ, ಸಂಜೆ ಮೇಯುತ್ತೆ. ಮೊಲ ಮಾತ್ರ ರಾತ್ರಿದು, ಹಂದಿನೂ ಜನ ಇರೋ ಕಡೆ ರಾತ್ರಿನೇ ಹೊಲಕ್ಕೆ ಇಳಿಯುತ್ತೆ. ಹಂಗಾಗಿ "ಚಂದ್ರನಿಂದ ಬೇಟೆ ಚಲೋ ಆಗುತ್ತಾ" ಅಂತ ಕೇಳಿದ್ರೆ ನಾನು ಮೊದಲು ಕೇಳೋದು, ಯಾವ ಬೇಟೆ? ಯಾರ ಬೇಟೆ?

ನೀರಿನ ಹತ್ತಿರ ಕೂತು ಕಾಯೋನಿಗೆ ಬೆಳದಿಂಗಳು ಬೇಕು, ಎದುರಿಗೆ ಬಂದಿದ್ದು ಕಾಣಬೇಕಲ್ಲ. ಬಲೆ, ಉರುಲು ಒಡ್ಡೋನಿಗೆ ಕತ್ತಲು ಬೇಕು, ಪ್ರಾಣಿಗೆ ಹಗ್ಗ ಕಾಣಬಾರದು. ಬ್ಯಾಟರಿ ಲೈಟ್ ಬಿಟ್ಟು ಹೊಡೆಯೋನಿಗೆ ಅಮಾಸೆನೇ ಹಬ್ಬ. ಜಿಂಕೆ ಕಣ್ಣಿನ ಹಿಂದೆ ಬೆಳಕನ್ನ ವಾಪಸ್ ಹೊಡೆಯೋ ಒಂದು ಪೊರೆ ಇದೆ, ಅದಕ್ಕೇ ರಾತ್ರಿ ಅದರ ಕಣ್ಣು ಹೊಳೆಯುತ್ತೆ. ಕಗ್ಗತ್ತಲಲ್ಲಿ ಏಕಾಏಕಿ ಬೆಳಕು ಬಿದ್ರೆ ದಿಕ್ಕು ತೋಚದೆ ನಿಂತುಬಿಡುತ್ತೆ. ಕುದುರೆ, ನಾಯಿ, ಈಟಿ ಇಟ್ಕೊಂಡು ಅಟ್ಟಿ ಹೊಡೆಯೋ ರಾಜನಿಗೆ? ಅವನಿಗೆ ಚಂದ್ರನ ಗೊಡವೆಯೇ ಇಲ್ಲ, ಹಗಲು ಬೇಕು.

ಅಂದ್ರೆ ಚಂದ್ರ ಜಿಂಕೆಯನ್ನ ನಡೆಸಿದ್ದಕ್ಕಿಂತ ಬೇಟೆಗಾರನನ್ನ ನಡೆಸಿದ್ದೇ ಜಾಸ್ತಿ. ಆ ಬೇಟೆಗಾರ ಯಾರು ಅನ್ನೋದೇ ನನ್ನ ವಿಷಯ.

ಹಂಪಿಗೆ ಬಂದವರೆಲ್ಲ ಮಹಾನವಮಿ ದಿಬ್ಬದ ಮುಂದೆ ಫೋಟೋ ತಗೋತಾರೆ. ಅದರ ಕಲ್ಲಿನ ಪಟ್ಟಿಗಳಲ್ಲಿ ಆನೆ, ಕುದುರೆ, ಕುಸ್ತಿ, ಕುಣಿತದ ಜೊತೆ ಬೇಟೆನೂ ಇದೆ, ಜಿಂಕೆ ಹೊಡೆಯೋ ಚಿತ್ರ ಇದೆ. ಗೈಡ್‌ಗಳು "ರಾಜವೈಭವ" ಅಂತ ತೋರಿಸ್ತಾರೆ. ಸರಿ, ವೈಭವನೇ. ಆದ್ರೆ ರಾಜನ ಬೇಟೆ ಅಂದ್ರೆ ಒಬ್ಬನ ಕೆಲಸ ಅಲ್ಲ ರೀ. ಪ್ರಾಣಿ ಎಲ್ಲಿದೆ ಅಂತ ಹೆಜ್ಜೆ ನೋಡಿ ಹೇಳೋರು ಬೇಕು. ಪೊದೆ ಬಡಿದು, ಹಲಗೆ ಹೊಡೆದು, ಕೂಗು ಹಾಕಿ ಪ್ರಾಣಿಯನ್ನ ಸೋವಿಕೊಂಡು ಬರೋರು ಬೇಕು. ಬಿದ್ದಿದ್ದನ್ನ ಹೊರೋರು, ಸುಲಿಯೋರು, ಚರ್ಮ ಹದ ಮಾಡೋರು ಬೇಕು. ಇವರಲ್ಲಿ ಎಷ್ಟು ಜನರ ಹೆಸರು ಚರಿತ್ರೆಯ ಪುಸ್ತಕದಲ್ಲಿದೆ ಹೇಳಿ ನೋಡೋಣ.

ವಿಜಯನಗರಕ್ಕಿಂತ ಹಿಂದಕ್ಕೆ ಹೋಗಿ. ನಮ್ಮ ಈ ಸೀಮೆ ಕಲ್ಯಾಣದ ಚಾಲುಕ್ಯರ ಕೈಯಲ್ಲಿತ್ತು. ಅವರ ರಾಜ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ಮೃಗಯಾವಿನೋದ ಅಂತಾನೇ ಒಂದು ಭಾಗ ಇದೆ. ಜಿಂಕೆ ಹಿಡಿಯೋ ಬಗೆಗಳನ್ನ ಒಂದೊಂದಾಗಿ ವಿವರಿಸಿದ್ದಾರೆ. ಸಾಕಿದ ಜಿಂಕೆಯನ್ನ ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನ ಸೆಳೆಯೋದೂ ಅದರಲ್ಲಿ ಒಂದು. ಅದೇ ಪುಸ್ತಕದಲ್ಲಿ ಅಡುಗೆ ಭಾಗನೂ ಇದೆ. ಜಿಂಕೆ, ಹಂದಿ, ಆಮೆ ಬಿಡಿ, ಹೊಲದ ಇಲಿ ಹುರಿಯೋದು ಹೆಂಗೆ ಅಂತ ರಾಜನ ಪುಸ್ತಕವೇ ಹೇಳುತ್ತೆ. ಇಲಿ ತಿಂತಾರೆ ಅಂತ ನಮ್ಮ ಮಕ್ಕಳನ್ನ ಹೀಯಾಳಿಸೋರು ಇದನ್ನ ಓದಬೇಕು.

ಈಗ ಯೋಚನೆ ಮಾಡಿ. ಚಿಗರಿಯನ್ನ ಪಳಗಿಸಿ, ಕೊಂಬಿಗೆ ಹಗ್ಗ ಸುತ್ತಿ, ಇನ್ನೊಂದು ಚಿಗರಿ ಮೇಲೆ ಬಿಡೋ ಕೆಲಸ ಸೋಮೇಶ್ವರ ಮಹಾರಾಜ ಕೈಯಾರೆ ಮಾಡ್ತಿದ್ನಾ? ಆ ವಿದ್ಯೆ ಯಾರದು? ನಮ್ಮ ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿ ಅನ್ನೋ ಸಮುದಾಯ ಇದೆ. ಹರಿಣ ಅಂದ್ರೆ ಜಿಂಕೆ, ಶಿಕಾರಿ ಅಂದ್ರೆ ಬೇಟೆಗಾರ. ಚಿಗರಿ ಬೇಟೆಗಾರ, ಅಡವಿ ಚಿಂಚರ, ಫಾಸೆ ಪಾರ್ಧಿ ಅಂತಲೂ ಕರೀತಾರೆ. ಫಾಸೆ ಅಂದ್ರೆ ಉರುಲು. ಸಾಕಿದ ಚಿಗರಿ ಬಿಟ್ಟು ಕಾಡಿನ ಚಿಗರಿ ಹಿಡಿಯೋದು, ಎತ್ತಿನ ಮರೆಯಲ್ಲಿ ಹತ್ತಿರ ಹೋಗೋದು, ಚಿಗರಿ ದಾರಿಯಲ್ಲಿ ಉರುಲು ಸಾಲು ಹೂಡೋದು, ಇವೇ ಅವರ ಕಸುಬು ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಒಂದೇ ವಿದ್ಯೆ. ರಾಜನ ಪುಸ್ತಕದಲ್ಲಿ ವಿನೋದ. ಹರಣಶಿಕಾರಿ ಕೈಯಲ್ಲಿ? ಮುಂದೆ ಹೇಳ್ತೀನಿ.

ವಿಜಯನಗರದ ಪೇಟೆಗೆ ಬರೋಣ. ಈಗ ಕೆಲವರು ವಿಜಯನಗರ ಅಂದ್ರೆ ಶುದ್ಧ ಸಸ್ಯಾಹಾರಿ ಸಾಮ್ರಾಜ್ಯ ಅನ್ನೋ ಥರ ಮಾತಾಡ್ತಾರೆ. 1535ರ ಸುಮಾರಿಗೆ ಬರೆದ ಪೋರ್ಚುಗೀಸಿನ ಫೆರ್ನಾವೊ ನೂನಿಜ್‌ನ ವರದಿ ಓದಿ. ರಾಬರ್ಟ್ ಸಿವೆಲ್ 1900ರಲ್ಲೇ ಅದನ್ನ ಇಂಗ್ಲಿಷಿಗೆ ತಂದಿದ್ದಾನೆ. ಇಲ್ಲಿನ ರಾಜರು ದನದ ಮಾಂಸ ಬಿಟ್ಟು ಬೇರೆ ಎಲ್ಲಾ ತಿಂತಾರೆ ಅಂತ ಬರೀತಾನೆ. ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ, ಪಾರಿವಾಳ. ಅಷ್ಟೇ ಅಲ್ಲ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿ ಜಾತಿಯವೂ ಊರ ಪೇಟೆಯಲ್ಲಿ ಮಾರಾಟಕ್ಕಿದ್ವು ಅಂತಾನೆ. ಬೇಟೆಯ ಪ್ರಾಣಿಗಳನ್ನ ಜೀವಂತವಾಗೇ ಮಾರಬೇಕಿತ್ತು, ಕೊಳ್ಳೋರಿಗೆ ತಾವು ಏನು ಕೊಳ್ತಿದ್ದೀವಿ ಅಂತ ಗೊತ್ತಾಗ್ಲಿ ಅಂತ.

ಜೀವಂತ! ಇಲ್ಲಿ ಸ್ವಲ್ಪ ನಿಲ್ಲಿ. ಈಟಿಯಲ್ಲಿ ಹೊಡೆದ ಪ್ರಾಣಿ ಜೀವಂತ ಪೇಟೆಗೆ ಬರಲ್ಲ. ಅದನ್ನ ಗಾಯ ಮಾಡದೆ ಹಿಡಿಯೋಕೆ ಬಲೆ ಬೇಕು, ಉರುಲು ಬೇಕು, ರಾತ್ರಿ ಒಡ್ಡಿ ನಸುಕಿಗೆ ಹೋಗಿ ನೋಡೋ ತಾಳ್ಮೆ ಬೇಕು. ಯಾವ ರಾತ್ರಿ ಕತ್ತಲು, ಯಾವ ರಾತ್ರಿ ಬೆಳಕು ಅನ್ನೋ ಲೆಕ್ಕ ಬೇಕು. ಅಂದ್ರೆ ಕಲ್ಲಲ್ಲಿ ಕೆತ್ತಿದ ಬೇಟೆ ರಾಜಂದಾದ್ರೂ, ಊರಿನ ಹೊಟ್ಟೆ ತುಂಬಿಸಿದ ಬೇಟೆ ಉರುಲಿನವರದ್ದು. ಅವರ ಹೆಸರಲ್ಲಿ ಹಂಪಿಯಲ್ಲಿ ಒಂದು ಬೋರ್ಡ್ ತೋರಿಸಿ.

ಇನ್ನು ಚರ್ಮದ ವಿಷಯ. ಇದನ್ನ ಹೇಳದೆ ಬಿಟ್ರೆ ನಮ್ಮ ತಾತಂದಿರಿಗೆ ಅನ್ಯಾಯ. ಚಿಗರಿ ಚರ್ಮಕ್ಕೆ ಸಂಸ್ಕೃತದಲ್ಲಿ ಕೃಷ್ಣಾಜಿನ ಅಂತಾರೆ. ಯಜ್ಞಕ್ಕೆ ಅದು ಬೇಕು, ತಪಸ್ಸಿಗೆ ಕೂರೋಕೆ ಅದು ಬೇಕು, ಉಪನಯನದಲ್ಲಿ ವಟುವಿನ ಮೈಮೇಲೆ ಅದರ ತುಂಡು ಬೇಕು. ಅದರ ಮೇಲೆ ಕೂತೋನು ಪವಿತ್ರ. ಅದನ್ನ ಸುಲಿದು, ಉಪ್ಪು ಹಚ್ಚಿ, ಹದ ಮಾಡಿ ಕೊಟ್ಟೋನು ಮುಟ್ಟಬಾರದವನು. ಚರ್ಮ ಒಂದೇ, ಕೈ ಬದಲಾದ ಕೂಡ್ಲೇ ಮೈಲಿಗೆ ಮಡಿ ಆಗುತ್ತೆ. ಇದಕ್ಕೆ ಯಾವ ವಿಜ್ಞಾನ ಇದೆ ಹೇಳಿ.

ಈ ಪ್ರಶ್ನೆ ನಾನು ಹೊಸದಾಗಿ ಕೇಳ್ತಿಲ್ಲ. ಹಂಪಿಯ ಕವಿ ರಾಘವಾಂಕ 13ನೇ ಶತಮಾನದಲ್ಲೇ ತನ್ನ 'ಹರಿಶ್ಚಂದ್ರ ಕಾವ್ಯ'ದಲ್ಲಿ ಕೇಳಿಸಿದ್ದಾನೆ. ಅದರಲ್ಲಿ ಹರಿಶ್ಚಂದ್ರ ಬೇಟೆಗೆ ಹೋಗ್ತಾನೆ. ಆ ಬೇಟೆ ಪ್ರಯಾಣದಲ್ಲೇ ಇಬ್ಬರು ಹೊಲತಿ ಹೆಣ್ಣುಮಕ್ಕಳು ಅವನ ಎದುರು ಹಾಡ್ತಾರೆ. ಮೆಚ್ಚಿದ ರಾಜ ಏನು ಬೇಕು ಅಂದಾಗ ಮೊದಲು ಅವನ ಬೆಳ್ಗೊಡೆ ಕೇಳ್ತಾರೆ, ಆಮೇಲೆ ನಮ್ಮನ್ನೇ ಮದುವೆ ಆಗು ಅಂತಾರೆ. ಅವನು ಕುಲದ ಮಾತು ತೆಗೀತಾನೆ. ಆಗ ಆ ಹೆಣ್ಣುಮಕ್ಕಳ ವಾದ ನೋಡಬೇಕು: ನಮ್ಮ ಹಾಡು ಕೇಳಿದ ನಿನ್ನ ಕಿವಿ ಕೆಡಲಿಲ್ಲ, ನಮ್ಮ ರೂಪ ನೋಡಿದ ಕಣ್ಣು ಕೆಡಲಿಲ್ಲ, ಮುಟ್ಟಿದ್ರೆ ಮಾತ್ರ ಹೆಂಗೆ ಕೆಡ್ತೀಯ? ಎಂಟುನೂರು ವರ್ಷದ ಹತ್ತಿರ ಆಯ್ತು, ಇದಕ್ಕೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಕಾವ್ಯದಲ್ಲಿ ಅವರಿಗೆ ಸಿಕ್ಕಿದ್ದು ಏಟು.

ಈಗ ನಮ್ಮ ಮನೆ ಮಾತು. ನಮ್ಮ ತಾತ ಹಲಗೆ ಹೊಡೆಯೋನು. ಊರಿನ ನಾಯಕರ ಜನ ಬೇಟೆಗೆ ಹೊರಟ್ರೆ ಮುಂದೆ ಹಲಗೆಯವರು. ತಾತ ಹೇಳ್ತಿದ್ದ, "ಯುಗಾದಿ ಬೇಟಿ ತಪ್ಪಿಸಬಾರದು, ಅವತ್ತು ಅಡವಿ ಕೊಡತೈತಿ." ನಾನು ಬಹಳ ದಿನ ಇದನ್ನ ದೇವರ ಮಾತು ಅಂತಾನೇ ಕೇಳ್ಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಯುಗಾದಿ ಅಂದ್ರೆ ಅಮಾಸೆ ಮರುದಿನ, ಚೈತ್ರ ಶುದ್ಧ ಪಾಡ್ಯ. ಅದಕ್ಕೇ ಹೊಂದಿಕೊಂಡು ಹೊಸತೊಡಕಿನ ಬಾಡೂಟ. ರಾತ್ರಿ ಚಂದ್ರ ಇರೋದೇ ಇಲ್ಲ ಅನ್ನಬೇಕು. ಹಗಲು ಸೋವೋ ಬೇಟೆಗೆ ಅವನು ಇದ್ರೆಷ್ಟು ಬಿಟ್ರೆಷ್ಟು. ಹಂಗಾದ್ರೆ ಅವತ್ತೇ ಯಾಕೆ?

ಒಂದು ಕಾರಣ ಬೇಸಿಗೆ. ಕಟಾವು ಮುಗಿದು ಹೊಲ ಬೋಳಾಗಿರುತ್ತೆ, ಮರೆ ಇರಲ್ಲ. ಹಳ್ಳ ಬತ್ತಿರುತ್ತೆ, ಪ್ರಾಣಿ ದರೋಜಿ ಕೆರೆ, ಕಮಲಾಪುರ ಕೆರೆಯಂಥ ಉಳಿದ ನೀರಿಗೆ ಬರಲೇಬೇಕು. ಜಿಂಕೆಯನ್ನ ನಡೆಸೋದು ಚಂದ್ರನಿಗಿಂತ ಬಾಯಾರಿಕೆ. ಇನ್ನೊಂದು ಕಾರಣ ನಮ್ಮದು. ನಮ್ಮ ಕಡೆ ಜೀತದ ವರ್ಷ ಯುಗಾದಿಯಿಂದ ಯುಗಾದಿಗೆ. ಹಳೆ ಕರಾರು ಮುಗಿದು ಹೊಸದು ಶುರು ಆಗೋ ನಡುವಿನ ಆ ಎರಡು ಮೂರು ದಿನ ಜೀತದಾಳು ಯಾರ ಆಳೂ ಅಲ್ಲ. ಅಮಾಸೆಗೆ ಎತ್ತಿನ ಹೆಗಲಿಗೆ ನೊಗ ಇಡಲ್ಲ, ಎತ್ತಿಗೆ ರಜೆ ಸಿಕ್ಕಿದ್ರೆ ಆಳಿಗೂ ಉಸಿರು. ವರ್ಷದಲ್ಲಿ ಆ ದಿನಗಳಲ್ಲೇ ಅಡವಿಗೆ ಹೋಗೋಕೆ ಬಿಡುವು. ಅಡವಿ ಅವತ್ತು ಕೊಡ್ತಿತ್ತು ನಿಜ. ಯಾಕಂದ್ರೆ ಅವತ್ತೊಂದು ದಿನ ಯಜಮಾನ ಬಿಡ್ತಿದ್ದ. ಪಾಲಿನಲ್ಲಿ ಹಲಗೆಯವರಿಗೆ ಬರ್ತಿದ್ದದ್ದು ತಲೆ, ಕಾಲು, ಕರುಳು, ಚರ್ಮ. ಒಳ್ಳೆ ಬಾಡು ಊರೊಳಗೆ. ಬೇಟೆಯಲ್ಲಿ ಒಟ್ಟಿಗೆ ಓಡಿದ ನಾಯಕರೂ ನಾವೂ ಉಣ್ಣುವಾಗ ಒಟ್ಟಿಗೆ ಕೂರಲಿಲ್ಲ. ಇದನ್ನೂ ಮುಚ್ಚಿಡಬಾರದು.

ಯುಗಾದಿಯಾಗಿ ಹದಿನೈದು ದಿನಕ್ಕೆ ಚೈತ್ರದ ಹುಣ್ಣಿಮೆಗೆ ಹಂಪಿ ಬಜಾರದಲ್ಲಿ ವಿರೂಪಾಕ್ಷನ ತೇರು. ತಲೆ ಮೇಲೆ ಚಂದ್ರ, ಕೈಯಲ್ಲಿ ಜಿಂಕೆ ಹಿಡಿದ ಶಿವನ ತೇರು. ಬೇಡರ ಕಣ್ಣಪ್ಪ ಬೇಟೆಯ ಮಾಂಸ ಕೊಟ್ಟಾಗ ಬೇಡ ಅನ್ನದ ದೇವರು. ದೇವರಿಗೆ ತೊಂದರೆ ಇರಲಿಲ್ಲ ಬಂಧುಗಳೇ, ತೊಂದರೆ ಬಾಗಿಲಲ್ಲಿ ನಿಂತವರದ್ದು.

ಇನ್ನು ಬ್ರಿಟಿಷರ ಕಾಲ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಆಜ್ಞೆ ಬಂದಾಗ ಮುಧೋಳದ ಹತ್ತಿರ ಹಲಗಲಿಯ ಬೇಡರು ಒಪ್ಪಲಿಲ್ಲ, ತಿರುಗಿಬಿದ್ರು, ಗಲ್ಲಿಗೇರಿದ್ರು. ಆಯುಧ ಅಂದ್ರೆ ಅವರಿಗೆ ಅನ್ನ. 1878ರ ಶಸ್ತ್ರ ಕಾಯ್ದೆ ಬಂದ ಮೇಲೆ ಭಾರತೀಯ ಬಂದೂಕು ಇಟ್ಕೊಳ್ಳೋಕೆ ಲೈಸೆನ್ಸ್ ಬೇಕು, ಬಿಳಿಯರಿಗೆ ವಿನಾಯಿತಿ. ನಮ್ಮ ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಅನ್ನೋ ಅಧಿಕಾರಿ ಬೇಡರನ್ನ ಮೆಚ್ಚಿ ಬರೀತಾನೆ: ಹಂದಿ ಸೋವಿ ಬೇಟೆ ಆಡ್ತಾರೆ, ಕರಡಿಗೂ ಹೆದರಲ್ಲ, ಗರಡಿಮನೆಗೆ ತಪ್ಪದೆ ಹೋಗ್ತಾರೆ ಅಂತ. ಮೆಚ್ಚುಗೆ ಒಂದು ಕಡೆ, ಕಾನೂನು ಇನ್ನೊಂದು ಕಡೆ.

ಆ ಕಾನೂನು 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಹುಟ್ಟಿನಿಂದಲೇ ಅಪರಾಧಿ ಅನ್ನೋ ಕಾಯ್ದೆ. 1911ರಲ್ಲಿ ಅದನ್ನ ಮದ್ರಾಸ್ ಪ್ರಾಂತ್ಯಕ್ಕೂ ಹರಡಿದ್ರು. ಮುಂಬೈ ಪ್ರಾಂತ್ಯದ ನಮ್ಮ ಪಕ್ಕದ ಹುಬ್ಬಳ್ಳಿ, ಗದಗ-ಬೆಟಗೇರಿಯಲ್ಲಿ ತಂತಿಬೇಲಿ ಹಾಕಿ ಸೆಟ್ಲಮೆಂಟ್ ಮಾಡಿದ್ರು. ಮಾನಸೋಲ್ಲಾಸದ ವಿದ್ಯೆ ಗೊತ್ತಿದ್ದ ಹರಣಶಿಕಾರಿಗಳನ್ನ ಅಲ್ಲಿ ಕೂಡಿಹಾಕಿದ್ರು. ಪಟ್ಟಿಯಲ್ಲಿ ಹೆಸರಿದ್ದವರು ಹೇಳಿದ ಹೊತ್ತಿಗೆ ಹಾಜರಿ ಕೊಡಬೇಕು. ಚೀಟಿ ಇಲ್ಲದೆ ಊರು ಬಿಡಂಗಿಲ್ಲ. ರಾತ್ರಿ ಹೊರಗೆ ಸಿಕ್ರೆ ಅದೇ ಅಪರಾಧ.

ಈಗ ಮೊದಲಿನ ಪ್ರಶ್ನೆಗೆ ಇದನ್ನ ಹಚ್ಚಿ ನೋಡಿ. ಬೆಳದಿಂಗಳು ಬೇಟೆಗೆ ಒಳ್ಳೇದಾ, ಕತ್ತಲು ಒಳ್ಳೇದಾ ಅನ್ನೋದು ರಾತ್ರಿ ಮನೆಯಿಂದ ಹೊರಗೆ ಕಾಲಿಡೋ ಹಕ್ಕಿದ್ದವನ ಪ್ರಶ್ನೆ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಬೇಲಿಯೊಳಗೆ ಮಲಗಿದವನಿಗೆ ಹುಣ್ಣಿಮೆ ಏನು, ಅಮಾಸೆ ಏನು? ಸಾವಿರಾರು ವರ್ಷ ತಲೆಯಿಂದ ತಲೆಗೆ ಬಂದ ರಾತ್ರಿಯ ಲೆಕ್ಕ ಒಂದೆರಡು ತಲೆಮಾರಿನಲ್ಲಿ ಮರೆತುಹೋಗೋ ಹಾಗೆ ಮಾಡಿದ್ದು ಆ ಪುಸ್ತಕ. 1952ರಲ್ಲಿ ಕಾಯ್ದೆ ರದ್ದಾಯ್ತು. ಪೊಲೀಸ್ ಠಾಣೆಯ ಮನಸ್ಸಿಂದ ಅದು ಇನ್ನೂ ರದ್ದಾಗಿಲ್ಲ. ಹರಣಶಿಕಾರಿಗಳು ಇವತ್ತು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಆದ್ರೆ ಊರಲ್ಲಿ ಕಳ್ಳತನ ಆದ್ರೆ ಮೊದಲು ಬಾಗಿಲು ಬಡಿಯೋದು ಯಾರ ಮನೇದು ಅಂತ ನಿಮಗೆ ಗೊತ್ತು.

ಅದೇ ಕಾಲದಲ್ಲಿ ದೊರೆಗಳು, ಸಾಹೇಬರು ಶಿಕಾರಿ ಆಡಿ, ಸತ್ತ ಪ್ರಾಣಿ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ್ರು. ಸ್ವಾತಂತ್ರ್ಯ ಬಂದ ಮೇಲೂ ಬಂದೂಕು, ಜೀಪು, ಲೈಸೆನ್ಸ್ ಇದ್ದವರು ರಾತ್ರಿ ಲೈಟ್ ಬಿಟ್ಟು ಹೊಡೆದ್ರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಬೇಟೆಯ ದಾರಿನೂ ಮುಚ್ಚಿತು. ಬಯಲು ಬಯಲೇ ಚಿಗರಿ ಖಾಲಿ ಮಾಡಿದ್ದು ಉರುಲಿನವರೊಬ್ಬರೇ ಅಲ್ಲ. ಬಂದೂಕು, ಜೀಪು, ಕಾಲುವೆ ನೀರಾವರಿ, ಗಣಿ ಎಲ್ಲಾ ಸೇರಿ ಮಾಡಿದ್ದು. ಆದ್ರೆ "ಬೇಟೆಗಾರ ಜಾತಿ" ಅನ್ನೋ ಹಣೆಪಟ್ಟಿ ಉಳಿದಿದ್ದು ಉರುಲಿನವರ ಹಣೆ ಮೇಲೆ ಮಾತ್ರ.

ತಪ್ಪು ತಿಳೀಬೇಡಿ. ಬೇಟೆಗೆ ಅವಕಾಶ ಕೊಡಿ ಅಂತ ನಾನು ಕೇಳ್ತಿಲ್ಲ. ಉಳಿದಿರೋ ಚಿಗರಿ ಉಳೀಬೇಕು, 1994ರಲ್ಲಿ ಆದ ದರೋಜಿ ಕರಡಿಧಾಮ ಉಳೀಬೇಕು. ನಮ್ಮ ಹುಡುಗರು ಅಮಾಸೆ ರಾತ್ರಿ ಬ್ಯಾಟರಿ ಹಿಡಿದು ಹೋಗಿ ಕೇಸ್ ಹಾಕಿಸ್ಕೊಂಡು ಜೀವನ ಹಾಳು ಮಾಡ್ಕೋಬಾರದು. ಸತ್ತ ದನದ ಮಾಂಸ ಬಿಡಿ, ಹೀನ ಮಾಡೋ ಕಸುಬು ಬಿಡಿ, ಓದಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲೇ ಹೇಳಿದ್ರು. ಆದ್ರೆ ಕಸುಬು ಬಿಡೋದು ಬೇರೆ, ಆ ಕಸುಬಿನೊಳಗಿದ್ದ ತಿಳಿವಳಿಕೆ ನಮ್ಮದಲ್ಲ ಅಂತ ಕೈಬಿಡೋದು ಬೇರೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರಲ್ಲಿ ಬಜಾರದ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಜನರ ಮನೆ ಅಂಗಡಿಗಳನ್ನ ಕೆಡವಿದ್ರು, ಪರಂಪರೆ ಉಳಿಸೋಕೆ ಅಂತ. ಕಲ್ಲು ಪರಂಪರೆ, ಸರಿ. ಜಿಂಕೆಯನ್ನ ಗಾಯ ಆಗದ ಹಾಗೆ ಹಿಡಿದು ಆ ಪೇಟೆಗೆ ತಂದವರ ತಲೆಯೊಳಗಿನ ಲೆಕ್ಕ ಪರಂಪರೆ ಅಲ್ವಾ?

ಹಂಗಾಗಿ ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಕೇರಿಯಲ್ಲಿ, ಹಟ್ಟಿಯಲ್ಲಿ, ಸೆಟ್ಲಮೆಂಟ್‌ನಲ್ಲಿ ಎಪ್ಪತ್ತು ಎಂಬತ್ತು ದಾಟಿದ ಹಿರಿಯರಿದ್ರೆ ಹೋಗಿ ಕೂತು ಕೇಳಿ. ಯಾವ ಪಕ್ಷದಲ್ಲಿ ಏನು ಮಾಡ್ತಿದ್ರು, ಉರುಲಿಗೆ ಯಾವ ನಾರು, ಹಲಗೆಯ ಯಾವ ಹೊಡೆತಕ್ಕೆ ಯಾವ ಅರ್ಥ, ಪಾಲು ಹೆಂಗೆ ಹಂಚ್ತಿದ್ರು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಅವರು ಹೇಳಿದ ಮಾತಲ್ಲೇ ಬರೀರಿ. ಕಮಲಾಪುರದ ಪಕ್ಕದಲ್ಲೇ ಕನ್ನಡ ವಿಶ್ವವಿದ್ಯಾಲಯ ಇದೆ, ಅಲ್ಲಿ ಓದ್ತಿರೋ ನಮ್ಮ ಮಕ್ಕಳು ಇದನ್ನ ಸಂಶೋಧನೆಗೆ ತಗೊಳ್ಳಿ. "ಮೂಢನಂಬಿಕೆ" ಅಂತ ತಳ್ಳಿಹಾಕಬೇಡಿ, "ಎಲ್ಲಾ ನಿಜ" ಅಂತ ತಲೆ ಮೇಲೆ ಹೊತ್ಕೊಂಡೂ ಬರಬೇಡಿ. ಪರೀಕ್ಷೆ ಮಾಡಿ. ಯಾವುದು ಜಿಂಕೆಯ ವಿಷಯ, ಯಾವುದು ಬೆಳಕಿನ ವಿಷಯ, ಯಾವುದು ಜೀತದ ರಜೆಯ ವಿಷಯ ಅಂತ ಬಿಡಿಸಿ ನೋಡಿ.

ನಿಮ್ಮ ಮನೆಯಲ್ಲಿ ಕೇಳಿದ ಮಾತಿದ್ರೆ ಕೆಳಗೆ ಬರೀರಿ, ಎಲ್ಲಾ ಓದ್ತೀನಿ.

ಜೈಭೀಮ್.